ಮೇಲಿನದು ಹಸಿರು, ಕೆಳಗಿನದು ಬಿಳಿ

ಮುದ್ದೇಬಿಹಾಳಕ್ಕೂ ಸಮುದ್ರಕ್ಕೂ ಏನು ಸಂಬಂಧ? ನಕಾಶೆ ಬಿಡಿಸಿ ನೋಡಿದರೆ ಏನೂ ಇಲ್ಲ. ಇಲ್ಲಿರುವುದು ಕೃಷ್ಣೆ. ಒಂದು ಕಡೆ ಆಲಮಟ್ಟಿಯ ಹಿನ್ನೀರು, ಇನ್ನೊಂದು ಕಡೆ ನಾರಾಯಣಪುರದ ಬಸವಸಾಗರ, ನಡುವೆ ಎರೆಹೊಲ, ತೊಗರಿ, ಜೋಳ, ಬಿಸಿಲು. ಆದರೆ ಹೊಟ್ಟೆಪಾಡಿಗೆ ನಕಾಶೆಯ ಹಂಗಿಲ್ಲ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಜನ ಗೋವೆಗೆ, ಮಂಗಳೂರಿಗೆ, ಮಲ್ಪೆಗೆ ದುಡಿಯಲು ಹೋಗುವುದು ಹೊಸ ಸಂಗತಿಯಲ್ಲ. ಹಾಗೆ ಹೋದವರಲ್ಲಿ ಕೆಲವರು ಕಟ್ಟಡದ ಕೆಲಸ ಹಿಡಿದರೆ, ಇನ್ನು ಕೆಲವರು ಮೀನುಗಾರಿಕೆಯ ಬೋಟು ಹತ್ತಿದರು.

ತಂಗಡಗಿಯ ಆಸುಪಾಸಿನ, ಹೊಳೆದಂಡೆಯ ಒಂದು ಹಳ್ಳಿಯ ರೈತ ಹಾಗೆ ಬೋಟು ಹತ್ತಿದವನು. ಎರಡು ಎಕರೆ ಒಣಭೂಮಿ, ಏಳನೆಯ ಇಯತ್ತೆಯವರೆಗಿನ ಓದು. ಮಂಗಳೂರಿನ ದಕ್ಕೆಯಲ್ಲಿ ಮೊದಲ ವರ್ಷ ಅವನಿಗೆ ಸಿಕ್ಕದ್ದು ಮಂಜುಗಡ್ಡೆ ಒಡೆದು ತುಂಬುವ ಕೆಲಸ. ಆಮೇಲೆ ಬಲೆ ಎಳೆಯುವುದು, ಮೀನು ವಿಂಗಡಿಸುವುದು. ನಾಲ್ಕನೆಯ ವರ್ಷಕ್ಕೆ ಬೋಟಿನ ತಾಂಡೇಲ ಅವನನ್ನು ರಾತ್ರಿಯ ಪಾಳಿಯಲ್ಲಿ ಗಾಲಿಯ ಪಕ್ಕ ಕೂಡಿಸಿ, ಕತ್ತಲೆಯಲ್ಲಿ ಕಾಣುವ ದೀಪಗಳನ್ನು ಓದಲು ಕಲಿಸಿದ. ಹೊಳೆಯಲ್ಲಿ ಹರಗೋಲು ಬಿಟ್ಟರೆ ಬೇರೇನೂ ನೋಡದಿದ್ದ ಮನುಷ್ಯ ಹೀಗೆ ಕಡಲಿನ ಅಕ್ಷರಮಾಲೆ ಕಲಿತ.

ಪಶ್ಚಿಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಹಾಕುವ ಕಾಲವದು, ಕಡಲೂ ಕೆರಳಿರುತ್ತದೆ. ಈ ರೈತನಿಗೆ ಅದು ಅನುಕೂಲವೇ. ಬೋಟಿಗೆ ರಜೆ ಸಿಕ್ಕಾಗ ಊರಲ್ಲಿ ತೊಗರಿ ಬಿತ್ತುವ ಹದ. ಜೂನ್ ಮೊದಲ ವಾರ ಬಂದು, ಬಿತ್ತಿ, ಎಡೆ ಹೊಡೆದು, ಆಗಸ್ಟ್ ಹೊತ್ತಿಗೆ ಮತ್ತೆ ಮಂಗಳೂರು. ಮಗ ಅಪ್ಪನನ್ನು ನೆಟ್ಟಗೆ ನೋಡುತ್ತಿದ್ದುದೇ ಆ ಎರಡು ತಿಂಗಳು.

ಕರೆಂಟು ಹೋದ ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಅಪ್ಪ ಮಗನಿಗೆ ಹಡಗಿನ ದೀಪಗಳ ಪಾಠ ಹೇಳಿದ. ಕಾಲಿನ ಚಪ್ಪಲಿಯೇ ಹಡಗು. ಅದರ ಎಡಕ್ಕೆ ಒಂದು ಒಣ ಕೆಂಪು ಮೆಣಸಿನಕಾಯಿ, ಬಲಕ್ಕೆ ಒಂದು ಹಸಿರು ಮೆಣಸಿನಕಾಯಿ, ನಡುವೆ ಎತ್ತರದಲ್ಲಿ ಒಂದು ಬೆಳ್ಳುಳ್ಳಿ ಗಡ್ಡೆ, ಹಿಮ್ಮಡಿಯ ಹತ್ತಿರ ಒಂದು ಬೆಳ್ಳುಳ್ಳಿ ಎಸಳು.

“ಹಡಗ ಎಷ್ಟರ ದೊಡ್ಡದಿರಲಿ, ಎಡಕ್ಕ ಕೆಂಪು, ಬಲಕ್ಕ ಹಸರು. ಇಡೀ ದುನಿಯಾದಾಗ ಇದ ಒಂದ ಲೆಕ್ಕ. ವಿಮಾನಕ್ಕೂ ಹಂಗ ಐತಿ,” ಎಂದ ಅಪ್ಪ.

ಇದು ಇಂದು ನಿನ್ನೆಯ ಲೆಕ್ಕವಲ್ಲ. ಉಗಿಹಡಗುಗಳು ಹೆಚ್ಚಿ, ರಾತ್ರಿ ಒಂದಕ್ಕೊಂದು ಢಿಕ್ಕಿ ಹೊಡೆಯತೊಡಗಿದಾಗ, 1848ರಲ್ಲಿ ಬ್ರಿಟನ್ ತನ್ನ ಉಗಿಹಡಗುಗಳಿಗೆ ಕೆಂಪು, ಹಸಿರು, ಬಿಳಿ ದೀಪಗಳನ್ನು ಕಡ್ಡಾಯ ಮಾಡಿತು. ಈಗ ಲೋಕವೆಲ್ಲ ಪಾಲಿಸುತ್ತಿರುವುದು 1972ರಲ್ಲಿ ಲಂಡನ್ನಿನಲ್ಲಿ ಒಪ್ಪಿದ, 1977ರ ಜುಲೈ 15ರಂದು ಜಾರಿಗೆ ಬಂದ ಅಂತರರಾಷ್ಟ್ರೀಯ ನಿಯಮಗಳನ್ನು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಮಂಜು ಕವಿದರೆ ಹಗಲಲ್ಲೂ, ದೀಪಗಳು ಉರಿಯುತ್ತಿರಬೇಕು.

ಮಗ ಆಗ ಮುದ್ದೇಬಿಹಾಳದಲ್ಲಿ ಪಿಯುಸಿ ಮೊದಲ ವರ್ಷದ ವಿಜ್ಞಾನಕ್ಕೆ ಸೇರಿದ್ದ. ಅಪ್ಪ ಹೇಳಿದ್ದಕ್ಕೆ ಮೊಬೈಲಿನಲ್ಲಿ ಓದಿದ್ದನ್ನು ಸೇರಿಸಿ ಅವನು ನೋಟುಬುಕ್ಕಿನಲ್ಲಿ ಚಿತ್ರ ಬರೆದ. ಪಕ್ಕದ ದೀಪಗಳು ಸುತ್ತಲೂ ಕಾಣುವಂತಿಲ್ಲ. ಹಡಗಿನ ಮೂತಿಯ ನೇರದಿಂದ ಹಿಡಿದು ತನ್ನ ಪಕ್ಕಕ್ಕೆ 112.5 ಡಿಗ್ರಿ ಮಾತ್ರ ಪ್ರತಿಯೊಂದೂ ಕಾಣಬೇಕು. ಹಿಂಬದಿಯ ಬಿಳಿ ದೀಪ 135 ಡಿಗ್ರಿ. ಮೂರನ್ನೂ ಕೂಡಿಸಿದರೆ ಸರಿಯಾಗಿ 360. ಕಂಬದ ಮೇಲಿನ ಬಿಳಿ ದೀಪ ಮುಂದಿನ 225 ಡಿಗ್ರಿ ಬೆಳಗುತ್ತದೆ. ಅದಕ್ಕೆ ಹಿಂಬದಿಯ 135 ಕೂಡಿಸಿದರೂ 360. ಎಲ್ಲಿಯೂ ಸಂದಿಲ್ಲ. ಆದ್ದರಿಂದ ಕತ್ತಲೆಯಲ್ಲಿ ಹಡಗಿನ ಒಡಲು ಕಾಣದಿದ್ದರೂ ಅದು ಯಾವ ಕಡೆ ಮುಖ ಮಾಡಿದೆ ಎಂದು ಹೇಳಬಹುದು. ಕೆಂಪು ಹಸಿರು ಎರಡೂ ಕಂಡರೆ ಅದು ನಿಮ್ಮ ಮೇಲೆಯೇ ಬರುತ್ತಿದೆ. ಕೆಂಪು ಮಾತ್ರ ಕಂಡರೆ ಅದರ ಎಡಮೈ ನಿಮ್ಮತ್ತ ಇದೆ, ಹಸಿರು ಮಾತ್ರ ಕಂಡರೆ ಬಲಮೈ. ಒಂದೇ ಬಿಳಿ ಕಂಡರೆ ಬೆನ್ನು ತೋರಿಸಿ ಹೋಗುತ್ತಿರಬಹುದು, ಇಲ್ಲವೇ ಅದು ಚಿಕ್ಕ ದೋಣಿಯಿರಬಹುದು, ಲಂಗರು ಹಾಕಿ ನಿಂತದ್ದೂ ಇರಬಹುದು.

ಐವತ್ತು ಮೀಟರಿಗಿಂತ ಉದ್ದದ ಹಡಗಿಗೆ ಕಂಬದ ದೀಪಗಳು ಎರಡು. ಹಿಂದಿನದು ಮುಂದಿನದಕ್ಕಿಂತ ಎತ್ತರ. ಅವೆರಡೂ ದೂರದೂರ ಕಂಡರೆ ಹಡಗು ಅಡ್ಡ ಹಾಯುತ್ತಿದೆ. ಒಂದರ ಮೇಲೊಂದು ಕೂಡಿಕೊಂಡರೆ ಅದರ ಮೂತಿ ನಿಮ್ಮ ಕಡೆಗೇ ತಿರುಗಿದೆ.

ಇನ್ನೊಂದು ಸೊಗಸಾದ ಲೆಕ್ಕವಿದೆ. ಎಂಜಿನ್ನಿನ ಎರಡು ಹಡಗುಗಳು ಅಡ್ಡಡ್ಡ ಹಾಯುವಾಗ, ಬಲಗಡೆಯಿಂದ ಬರುವ ಹಡಗಿಗೆ ಇನ್ನೊಂದು ದಾರಿ ಬಿಡಬೇಕು. ಬಲದಿಂದ ಬಂದು ಎಡಕ್ಕೆ ಹಾಯುವ ಹಡಗು ನಿಮಗೆ ತೋರಿಸುವುದು ತನ್ನ ಎಡಮೈ, ಅಂದರೆ ಕೆಂಪು ದೀಪ. ಅದೇ ಹೊತ್ತಿಗೆ ಅದರವರಿಗೆ ಕಾಣುವುದು ನಿಮ್ಮ ಬಲಮೈಯ ಹಸಿರು. ಕೆಂಪು ಕಂಡವನು ದಾರಿ ಬಿಡಬೇಕು, ಹಸಿರು ಕಂಡವನು ತನ್ನ ದಾರಿ ಹಿಡಿದು ಸಾಗಬೇಕು. ಕಡಲಿನ ನಡುವೆ ಪೊಲೀಸರಿಲ್ಲ, ಚೌಕವಿಲ್ಲ, ಸಿಗ್ನಲ್ ಕಂಬವಿಲ್ಲ. ಪ್ರತಿಯೊಂದು ಹಡಗೂ ತಾನೇ ಇನ್ನೊಬ್ಬರಿಗೆ ಸಿಗ್ನಲ್ ಕಂಬ. ಜೊತೆಗೆ ಒಂದು ಎಚ್ಚರಿಕೆ: ಆ ದೀಪ ಎಷ್ಟು ಹೊತ್ತಾದರೂ ಅದೇ ದಿಕ್ಕಿನಲ್ಲಿ ನಿಂತು, ದೊಡ್ಡದಾಗುತ್ತಲೇ ಹೋದರೆ, ಢಿಕ್ಕಿ ಖಂಡಿತ ಎಂದು ತಿಳಿಯಬೇಕು.

ಮಗ ಇದನ್ನೆಲ್ಲ ಬಾಯಿಪಾಠ ಮಾಡಿದ. ಬಲೆ ಎಳೆಯುವ ಟ್ರಾಲರಿಗೆ ಹಸಿರಿನ ಕೆಳಗೆ ಬಿಳಿ. ಬೇರೆ ಬಗೆಯ ಬಲೆ ಬಿಟ್ಟವರಿಗೆ ಕೆಂಪಿನ ಕೆಳಗೆ ಬಿಳಿ. ಬಂದರಿನ ಪೈಲಟ್ ದೋಣಿಗೆ ಬಿಳಿಯ ಕೆಳಗೆ ಕೆಂಪು. ಹತೋಟಿ ತಪ್ಪಿದ ಹಡಗಿಗೆ ಒಂದರ ಕೆಳಗೊಂದು ಎರಡು ಕೆಂಪು. ಇನ್ನೊಂದನ್ನು ಎಳೆದೊಯ್ಯುವ ಟಗ್‌ಗೆ ಕಂಬದಲ್ಲಿ ಒಂದರ ಕೆಳಗೊಂದು ಎರಡು ಬಿಳಿ. ಚಪ್ಪಲಿಯನ್ನು ಹೇಗೆ ತಿರುಗಿಸಿ ಕೇಳಿದರೂ ಅವನ ಉತ್ತರ ತಪ್ಪುತ್ತಿರಲಿಲ್ಲ. ತಂಗಿಗೂ ಅವನೇ ಗುರುವಾದ. ಆ ಮಳೆಗಾಲದಲ್ಲಿಯೇ ಅವನು ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದ್ದು: ಪಿಯುಸಿ ಮುಗಿಸಿ ಹಡಗಿನ ಅಧಿಕಾರಿಯಾಗುವ ಕೋರ್ಸಿಗೆ ಹೋಗಬೇಕು.

ಅಪ್ಪನಿಗೆ ಎದೆ ತುಂಬಿತು. ತಾನು ಬೋಟಿನಲ್ಲಿ ಬೆದರಿ ನೋಡುವ ಆ ದೊಡ್ಡ ಹಡಗಿನ ಮೇಲಂತಸ್ತಿನಲ್ಲಿ ಮಗ ನಿಲ್ಲುತ್ತಾನೆ! ಸೀಟು ಕೊಡಿಸುವುದಾಗಿ ಹೇಳಿದ ಒಬ್ಬನಿಗೆ ದಸರೆ ಮುಗಿದ ಮೇಲೆ ಮುಂಗಡ ಕೊಡುವುದೆಂದು ಮಾತಾಯಿತು. ಅದಕ್ಕಾಗಿ ಎರಡು ವರ್ಷದ ಉಳಿತಾಯವಿತ್ತು. ಸಾಲದ್ದಕ್ಕೆ ಹೊಲದ ಮೇಲೆ ಸಾಲ ತೆಗೆಯುವ ವಿಚಾರವೂ ಇತ್ತು.

ದಸರೆಯ ರಜೆಗೆ ಹೆಂಡತಿ ಮಕ್ಕಳನ್ನು ಅವನು ಮಂಗಳೂರಿಗೆ ಕರೆಸಿಕೊಂಡ. ಇಡೀ ರಾತ್ರಿ ಬಸ್ಸಿನಲ್ಲಿ ಕುಳಿತು ಬಂದವರು ಮೊದಲ ಬಾರಿಗೆ ಸಮುದ್ರ ನೋಡಿದರು. ಸಂಜೆ ದಕ್ಕೆಯಿಂದ ದೋಣಿ ಹತ್ತಿ ಆಚೆಯ ಬೆಂಗ್ರೆಗೆ ಹೋದರು. ಬೆಂಗ್ರೆಯೆಂದರೆ ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಮರಳಿನ ನಾಲಗೆ. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಅದರ ತುದಿಯಲ್ಲಿದೆ. ಮೀನಿನ ಬೋಟುಗಳು ಹೋಗಿಬರುವುದು ಅದರಲ್ಲಿಯೇ. ದೂರದಲ್ಲಿ ಪಣಂಬೂರಿನ ಬಂದರಿಗೆ ಸರದಿ ಕಾಯುವ ದೊಡ್ಡ ಹಡಗುಗಳು ಲಂಗರು ಹಾಕಿ ನಿಂತಿರುತ್ತವೆ.

ಹೊತ್ತು ಮುಳುಗಿತು. ಒಂದೊಂದಾಗಿ ದೀಪ ಹತ್ತಿದವು. ಮಗ ಪಾಠ ಒಪ್ಪಿಸತೊಡಗಿದ. “ಅಲ್ಲಿ ಎರಡು ಬಿಳಿ, ಒಂದು ಎತ್ತರ, ಒಂದು ತಗ್ಗು, ಅಲುಗವಲ್ಲವು; ಲಂಗರು ಹಾಕಿದ ದೊಡ್ಡ ಹಡಗ.” ಸರಿ. “ಹೊರಗ ಹೊಂಟ ಬೋಟಿನದು ಹಸರು ಕಾಣತೈತಿ.” ಅದೂ ಸರಿ. ಅಳಿವೆಯ ಉತ್ತರಕ್ಕೆ ನಿಂತವರಿಗೆ, ಪಡುವಣಕ್ಕೆ ಹೊರಟ ಬೋಟಿನ ಬಲಮೈ ಕಾಣಬೇಕು. ಒಳಗೆ ಬರುವ ಬೋಟಿನದು ಕೆಂಪು ಎಂದ, ಅದೂ ಸರಿಯೇ. ಅಪ್ಪ ಬೆನ್ನು ತಟ್ಟಿದ.

ಆಗ ದಡದಿಂದ ಸ್ವಲ್ಪ ದೂರದಲ್ಲಿ, ಬಲೆ ಎಳೆಯುತ್ತ ನಿಧಾನ ಸಾಗುತ್ತಿದ್ದ ಒಂದು ಬೋಟು ಕಂಡಿತು.

“ಅದು ಟಗ್,” ಎಂದ ಮಗ. “ಒಂದರ ಕೆಳಗ ಒಂದು ಎರಡು ಬಿಳಿ. ಹಿಂದ ಏನೋ ಜಗ್ಗಾಕತ್ತೈತಿ.”

“ಸರೀಗೆ ನೋಡು. ಮ್ಯಾಲಿಂದು ಯಾವ ಬಣ್ಣ?”

“ಬಿಳಿ.”

“ಮತ್ತೊಮ್ಮೆ ನೋಡಪಾ.”

“ಎರಡೂ ಬಿಳೀನ ಅದಾವಲ್ಲ?”

ತಂಗಿ ಕಿಸಕ್ಕನೆ ನಕ್ಕಳು. “ಅಣ್ಣಾ, ಮ್ಯಾಲಿಂದು ಹಸರು ಐತಿ!” ಅಪ್ಪ ನಗಲಿಲ್ಲ. ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬೇರೆ ಬೇರೆ ದೀಪ ತೋರಿಸಿ ಕೇಳಿದ. ದೋಣಿ ಹೊರಗೆ ಹೊರಟಿದೆಯೋ ಒಳಗೆ ಬರುತ್ತಿದೆಯೋ ಗೊತ್ತಾದಾಗ ಮಗನ ಉತ್ತರ ಸರಿಯಿರುತ್ತಿತ್ತು. ಅಲುಗದೆ ನಿಂತ ದೀಪವಾದರೆ ತಡವರಿಸುತ್ತಿದ್ದ. ಅವನು ಬಣ್ಣ ನೋಡಿ ದಿಕ್ಕು ಹೇಳುತ್ತಿರಲಿಲ್ಲ, ದಿಕ್ಕು ನೋಡಿ ಬಣ್ಣ ಹೇಳುತ್ತಿದ್ದ! ಕಟ್ಟೆಯ ಮೇಲಿನ ಮೆಣಸಿನಕಾಯಿಯ ಗುಟ್ಟೂ ಅದೇ. ಕೆಂಪು ಕಾಯಿ ಒಣಗಿ ಸುಕ್ಕುಗಟ್ಟಿತ್ತು, ಹಸಿರುಕಾಯಿ ನುಣ್ಣಗಿತ್ತು. ಅವನು ಗುರುತಿಸಿದ್ದು ಸುಕ್ಕನ್ನೇ ಹೊರತು ಬಣ್ಣವನ್ನಲ್ಲ. ಮೋಸ ಮಾಡಬೇಕೆಂದಲ್ಲ, ಎಲ್ಲರೂ ಹೀಗೆಯೇ ನೋಡುತ್ತಾರೆಂದು ಅವನು ತಿಳಿದಿದ್ದ.

ಎರಡು ದಿನ ಬಿಟ್ಟು ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಒಂದು ಪುಸ್ತಕ ತೆರೆದು ಅವನ ಮುಂದಿಟ್ಟರು. ಜಪಾನಿನ ವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆಯಿದು. ಪುಟದ ತುಂಬ ಬಣ್ಣದ ಚುಕ್ಕೆಗಳು, ಅವುಗಳ ನಡುವೆ ಅಂಕಿ. ಒಂದು ಪುಟದಲ್ಲಿ ತಂಗಿ 74 ಎಂದು ಓದಿದಳು. ಅವನು 21 ಎಂದು ಓದಿದ. ಕೆಂಪು-ಹಸಿರು ಬಣ್ಣದೃಷ್ಟಿಯ ದೋಷವಿರುವವರಿಗೆ ಅಲ್ಲಿ 21 ಕಾಣುವಂತೆಯೇ ಆ ಪುಟವನ್ನು ರಚಿಸಲಾಗಿದೆ.

ಇದನ್ನು ಬಣ್ಣಗುರುಡು ಎನ್ನುತ್ತಾರೆ. ಮಾತು ಅಷ್ಟು ಸರಿಯಲ್ಲ. ಇಂಥವರಿಗೆ ಲೋಕ ಕಪ್ಪು-ಬಿಳಿಯಾಗಿ ಕಾಣುವುದಿಲ್ಲ. ದೃಷ್ಟಿಯ ಚುರುಕಿಗೂ ಕೊರತೆಯಿಲ್ಲ. ನಮ್ಮ ಕಣ್ಣಿನ ಅಕ್ಷಿಪಟದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಮೂರು ಬಗೆ. ಅವುಗಳಲ್ಲಿ ಒಂದು ಬಗೆಯದು ಇಲ್ಲದಿದ್ದರೆ ಅಥವಾ ಬೇರೆ ರೀತಿಯದಾಗಿದ್ದರೆ ಕೆಲವು ಬಣ್ಣಗಳ ಜೋಡಿ ಒಂದೇ ಎನ್ನಿಸುತ್ತದೆ. ದೀಪದ ಹಸಿರು ಬಿಳಿಯಂತೆ ಕಾಣುವುದು ಇದರ ಒಂದು ಲಕ್ಷಣ. ಹಗಲಿನಲ್ಲಿ ಆಕಾರ, ಹೊಳಪು, ಜಾಗ ನೋಡಿ ಮನುಷ್ಯ ನಿಭಾಯಿಸಿಬಿಡುತ್ತಾನೆ. ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಮೇಲೆ, ಹಸಿರು ಕೆಳಗೆ ಎಂಬ ಆಸರೆಯಿದೆ. ಕಡಲಿನ ಕತ್ತಲೆಯಲ್ಲಿ ಆ ಆಸರೆಯಿಲ್ಲ, ಅಲ್ಲಿರುವುದು ಸೂಜಿಮೊನೆಯಷ್ಟು ಬೆಳಕು ಮಾತ್ರ. ದೂರ ಎರಡು ಪಟ್ಟಾದರೆ ಆ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಸರಿಯಾದ ಕಣ್ಣಿಗೂ ಅಲ್ಲಿ ಬಣ್ಣ ಹೇಳುವುದು ಕಷ್ಟವಾಗುವ ಹೊತ್ತುಂಟು.

ಈ ದೋಷವನ್ನು ವಿಜ್ಞಾನದ ಮುಂದಿಟ್ಟವನು ಪರಮಾಣು ಸಿದ್ಧಾಂತದಿಂದ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತನಾದ ಜಾನ್ ಡಾಲ್ಟನ್. ತನಗೆ ಬಣ್ಣಗಳು ಬೇರೆಯಾಗಿ ಕಾಣುತ್ತವೆಂದು ಅವನು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ ಸಭೆಯಲ್ಲಿ ಪ್ರಬಂಧ ಓದಿದ. ತನ್ನ ಕಣ್ಣಿನೊಳಗಿನ ದ್ರವ ನೀಲಿಯಾಗಿರಬೇಕೆಂದು ಅವನ ಊಹೆ. ಸತ್ತ ಮೇಲೆ ಕಣ್ಣು ತೆಗೆದು ನೋಡಲು ಹೇಳಿದ್ದ. 1844ರಲ್ಲಿ ತೆಗೆದು ನೋಡಿದರು. ದ್ರವ ತಿಳಿಯಾಗಿತ್ತು. ಆ ಕಣ್ಣಿನ ಚೂರುಗಳನ್ನು ಜೋಪಾನ ಮಾಡಿದ್ದರಿಂದ 1995ರಲ್ಲಿ ಅದರ ಡಿಎನ್ಎ ಪರೀಕ್ಷಿಸಲು ಸಾಧ್ಯವಾಯಿತು. ಹಸಿರು ಗ್ರಹಿಸುವ ವರ್ಣಕದ ಜೀನು ಅವನಲ್ಲಿ ಇರಲಿಲ್ಲ. ತನ್ನ ಊಹೆ ತಪ್ಪಿದ್ದರೂ, ಪರೀಕ್ಷಿಸಿ ನೋಡಿ ಎಂದ ಅವನ ಮಾತು ನೂರೈವತ್ತು ವರ್ಷದ ಮೇಲೆ ಫಲ ಕೊಟ್ಟಿತು.

ಆಸ್ಪತ್ರೆಯಿಂದ ಹೊರಗೆ ಬಂದ ಮೇಲೆ ತಾಯಿ ಒಂದು ಮಾತು ನೆನಪಿಸಿಕೊಂಡಳು. ಅವಳ ಅಪ್ಪ ಮೆಣಸಿನಕಾಯಿ ಬಿಡಿಸುವಾಗ ಪ್ರತಿಯೊಂದು ಕಾಯಿಯನ್ನೂ ಬೆರಳಿನಿಂದ ಅಮುಕಿ ನೋಡುತ್ತಿದ್ದ. ಮಕ್ಕಳನ್ನು ಕರೆದು “ಇದು ಹಣ್ಣಾಗೈತೇನ ನೋಡು” ಎನ್ನುತ್ತಿದ್ದ. ವಯಸ್ಸಾಗಿ ಕಣ್ಣು ಮಂದವಾಗಿದೆಯೆಂದು ಎಲ್ಲರೂ ತಿಳಿದಿದ್ದರು. ಅದು ವಯಸ್ಸಲ್ಲ. ಕೆಂಪು, ಹಸಿರು ವರ್ಣಕಗಳ ಜೀನುಗಳಿರುವುದು ಎಕ್ಸ್ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ಎಕ್ಸ್; ಒಂದರಲ್ಲಿ ದೋಷವಿದ್ದರೆ ಇನ್ನೊಂದು ಕಾಯುತ್ತದೆ. ಗಂಡಿಗೆ ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು. ಆದ್ದರಿಂದಲೇ ಇದು ಗಂಡಸರಲ್ಲಿ ನೂರಕ್ಕೆ ಕೆಲವರಲ್ಲಿ ಕಂಡರೆ, ಹೆಂಗಸರಲ್ಲಿ ಬಲು ಅಪರೂಪ. ಅಜ್ಜನದು ಮಗಳ ಮೂಲಕ ಮೊಮ್ಮಗನಿಗೆ ಬಂದಿತ್ತು. ತಂಗಿಗೆ ಬಣ್ಣಗಳೆಲ್ಲ ಸರಿಯಾಗಿ ಕಂಡರೂ, ಆ ಜೀನು ಅವಳಲ್ಲಿ ಅಡಗಿರುವ ಸಾಧ್ಯತೆ ಎರಡರಲ್ಲೊಂದು.

“ಹಂಗಾರ ನನ್ನ ಕಡಿಂದನ ಬಂತಲ್ಲ,” ಎಂದು ತಾಯಿ ಕಣ್ಣೀರು ಹಾಕಿದಳು.

“ನಿನ್ನ ಕಡಿಂದ ಬರೇ ಇದೊಂದ ಬಂದೈತೇನು? ಲೆಕ್ಕದ ತಲೀನೂ ನಿಮ್ಮಪ್ಪಂದ,” ಎಂದ ಗಂಡ.

ಮಗ ಮಾತ್ರ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಎಲ್ಲ ನಿಯಮ ಬರುತ್ತದೆ, ಬಣ್ಣ ಒಂದು ಕಾಣದಿದ್ದರೆ ಏನು, ಈಗ ರೇಡಾರ್ ಇದೆ, ಹಡಗಿನ ಹೆಸರು ದಿಕ್ಕು ತೋರಿಸುವ ಯಂತ್ರಗಳಿವೆ ಎಂದು ವಾದಿಸಿದ. ಅವನ ವಾದದಲ್ಲಿ ಅರ್ಧ ಸತ್ಯವಿತ್ತು. ಇನ್ನರ್ಧವನ್ನು ಅಪ್ಪ ಹೇಳಿದ.

2021ರ ಏಪ್ರಿಲ್ 13ರ ನಸುಕಿನ ಎರಡರ ಸುಮಾರಿಗೆ, ಮಂಗಳೂರಿನಿಂದ ಪಡುವಣಕ್ಕೆ ನಲವತ್ತಕ್ಕೂ ಹೆಚ್ಚು ನಾಟಿಕಲ್ ಮೈಲಿ ದೂರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ ‘ರಬಾ’ ಎಂಬ ಮೀನಿನ ಬೋಟಿಗೂ ಸಿಂಗಪುರದ ‘ಎಪಿಎಲ್ ಲ ಹಾವ್ರ್’ ಎಂಬ ಸರಕು ಹಡಗಿಗೂ ಢಿಕ್ಕಿಯಾಯಿತು. ಬೋಟಿನಲ್ಲಿದ್ದವರು 14 ಜನ, ತಮಿಳುನಾಡು ಮತ್ತು ಪಶ್ಚಿಮ ಬಂಗಾಳದ ಕೂಲಿಗಳು. ಜೀವಂತ ಸಿಕ್ಕವರು ಇಬ್ಬರೇ. ಆ ದುರಂತಕ್ಕೂ ಯಾರ ಬಣ್ಣದೃಷ್ಟಿಗೂ ಸಂಬಂಧವಿಲ್ಲ. ಅಪ್ಪ ಅದನ್ನು ಹೇಳಿದ್ದು ಬೇರೆ ಕಾರಣಕ್ಕೆ. “ಯಂತ್ರ ಇದ್ದರೂ ಹಿಂಗ ಆಗತೈತಿ. ದೊಡ್ಡ ಹಡಗ ಒಮ್ಮೆಲೆ ನಿಲ್ಲೂದಿಲ್ಲ, ಒಮ್ಮೆಲೆ ತಿರಗೂದಿಲ್ಲ. ಕೆಳಗ ಬೋಟಿನಾಗ ಮಲಗಿದಾಂವ ಮ್ಯಾಲ ಕುಂತಾಂವನ ಕಣ್ಣ ನಂಬಿ ಮಲಗಿರತಾನ. ನಾನೂ ಹಂಗ ಮಲಗತೀನಿ.”

ಮಗ ಆಮೇಲೆ ವಾದಿಸಲಿಲ್ಲ.

ದೀಪಗಳ ವಿಷಯದಲ್ಲಿ ಕಡಲು ಇಷ್ಟು ಕಟ್ಟುನಿಟ್ಟಾಗಿರುವುದಕ್ಕೆ ಕಾರಣ ಇದೇ. ಗುರುತಿನ ದೀಪಗಳನ್ನು ಮಂಕಾಗಿಸುವ, ಅವುಗಳೆಂದು ಭ್ರಮೆ ಹುಟ್ಟಿಸುವ ಬೇರೆ ದೀಪ ಹಚ್ಚಬಾರದೆಂದು ನಿಯಮವೇ ಹೇಳುತ್ತದೆ. ಮೀನು ಸೆಳೆಯಲು ಪ್ರಖರ ಎಲ್‌ಇಡಿ ದೀಪ ಬಳಸುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿದ್ದು ಮುಖ್ಯವಾಗಿ ಮೀನಿನ ಸಂತತಿ ಉಳಿಸಲು. ಆದರೆ ಅಂಥ ಬೆಳಕಿನ ಪಕ್ಕದಲ್ಲಿ ಪುಟ್ಟ ಹಸಿರು ದೀಪ ಕಳೆದುಹೋಗುತ್ತದೆ ಎಂಬುದೂ ನಿಜ. ಯಾವನೊಬ್ಬ ಹುಡುಗನ ಮೇಲಿನ ಹಟಕ್ಕೆ ಹಡಗಿನವರು ಕಣ್ಣಿನ ಪರೀಕ್ಷೆ ಇಟ್ಟಿಲ್ಲ. ರೈಲಿನ ಚಾಲಕರಿಗೂ ಅದು ಇರುವುದು ಇಂಥದೇ ಕಾರಣಕ್ಕೆ.

ಮುಂಗಡ ಕೊಡುವುದು ನಿಂತಿತು. ಹಣ ಉಳಿಯಿತು, ಹೊಲವೂ ಉಳಿಯಿತು. ಸೀಟು ಕೊಡಿಸುತ್ತೇನೆಂದವನು ಕಣ್ಣಿನ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ ಎಂಬುದು ಆಗ ಅಪ್ಪನ ಗಮನಕ್ಕೆ ಬಂತು. ಕೋರ್ಸಿಗೆ ಹಣ ಕಟ್ಟಿ, ವೈದ್ಯಕೀಯ ಪರೀಕ್ಷೆಯ ದಿನ ಈ ಸಂಗತಿ ಗೊತ್ತಾಗಿದ್ದರೆ ಆ ಮನೆಯ ಗತಿ ಏನಾಗುತ್ತಿತ್ತು?

ಪಾಲಕರು ಯೋಚಿಸಬೇಕಾದ್ದು ಇಲ್ಲಿಯೇ. ಬಣ್ಣದೃಷ್ಟಿಯ ಪರೀಕ್ಷೆಗೆ ಬೇಕಾದದ್ದು ಕೆಲವು ನಿಮಿಷ. ಎಂಟು ಒಂಬತ್ತನೆಯ ತರಗತಿಯಲ್ಲಿಯೇ, ಮಗು ತನ್ನ ಕನಸನ್ನು ಗಟ್ಟಿ ಮಾಡಿಕೊಳ್ಳುವ ಮೊದಲೇ, ಒಮ್ಮೆ ಮಾಡಿಸಿಬಿಡಬೇಕು. ದೋಷ ಕಂಡರೆ ಅದು ರೋಗವಲ್ಲ, ಹೆಚ್ಚುವುದೂ ಇಲ್ಲ. ಹುಟ್ಟಿನಿಂದ ಬಂದದ್ದಕ್ಕೆ ಸದ್ಯ ಮದ್ದೂ ಇಲ್ಲ. ಮದ್ದು ಕೊಡುತ್ತೇವೆನ್ನುವವರ ಬೆನ್ನು ಹತ್ತಬಾರದು. ಕೆಲವು ಬಾಗಿಲು ಮುಚ್ಚುತ್ತವೆ, ನಿಜ. ತೆರೆದಿರುವ ಬಾಗಿಲುಗಳು ಅದಕ್ಕಿಂತ ಹೆಚ್ಚು. ಲಿಟ್ಮಸ್ ಕಾಗದದ ಬಣ್ಣ ತಪ್ಪು ಬರೆದ ಹುಡುಗನಿಗೆ, ನಕಾಶೆಗೆ ತಪ್ಪು ಬಣ್ಣ ತುಂಬಿದ ಹುಡುಗನಿಗೆ ಲಕ್ಷ್ಯವಿಲ್ಲವೆಂದು ಬೈಯುವ ಮೊದಲು ಶಿಕ್ಷಕರೂ ಒಂದು ಕ್ಷಣ ತಡೆಯಬೇಕು.

ಮರುವರ್ಷದ ಜೂನ್‌ನಲ್ಲಿ ಅಪ್ಪ ಎಂದಿನಂತೆ ಊರಿಗೆ ಬಂದ. ಮಗ ಎರಡನೆಯ ಪಿಯುಸಿ. ಮುಂದೇನು ಎಂದು ಇನ್ನೂ ನಿಶ್ಚಯವಿಲ್ಲ. ಲೆಕ್ಕವನ್ನೇ ಹಿಡಿದು ಬಿ.ಎಸ್ಸಿ. ಓದುವ ಮಾತು ನಡೆದಿದೆ. ಹೊಳೆಯ ಕಡೆ ಹೋಗಿದ್ದಾಗ ಕತ್ತಲೆಯಲ್ಲಿ ಯಾರೋ ಮೀನಿಗೆ ಬಲೆ ಬಿಡುತ್ತಿದ್ದುದು ಕಂಡಿತು. ಹರಗೋಲಿನಲ್ಲಿ ಒಂದು ಬ್ಯಾಟರಿ ಮಿಣುಕುತ್ತಿತ್ತು.

“ಹುಟ್ಟು ಹಾಕೋ ದೋಣಿಗೆ ಅಷ್ಟ ಸಾಕು,” ಎಂದ ಮಗ. “ಒಂದು ಬಿಳಿ ದೀಪ ಕೈಯಾಗ ಇರಬೇಕು, ಯಾರರ ಎದರ ಬಂದರ ಹೊತ್ತಿಗೆ ಸರಿಯಾಗಿ ತೋರಸಬೇಕು. ನಿಯಮದಾಗ ಹಂಗ ಐತಿ.”

ಅಪ್ಪ ಹೌದೆಂದ. ಆ ನಿಯಮ ಅವನಿಗೂ ಗೊತ್ತಿರಲಿಲ್ಲ.